ಉಪ್ಪಿನ ಗಿಡಕ್ಕೆ ಎಷ್ಟು ಉಪ್ಪು?

ಜನವರಿ 12, ಸೋಮವಾರ, ರಾತ್ರಿ

ಚಿಕ್ಕಮ್ಮನ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟಿದೆ. ಬೆರಳಲ್ಲಿ ಕೆರೆದು ನಾಲಿಗೆಗಿಟ್ಟರೆ ಉಪ್ಪು. ಗಂಗೊಳ್ಳಿ ಅಳಿವೆಯ ಸೆಸುವಿಯಂ ಅದು, ಉಪ್ಪುನೆಲದಲ್ಲಿ ಹಬ್ಬುವ, ತಿನ್ನುವ ಸೊಪ್ಪಿನ ಗಿಡ. ಕಾಂಡ ಕೆಂಪಗೆ, ಎಲೆ ಅಕ್ಕಿಕಾಳಿನಷ್ಟಕ್ಕೆ ಕುಗ್ಗಿದೆ.

“ಸಮುದ್ರದ್ ಗಿಡ ಅಲ್ದಾ, ದಿನಾ ಉಪ್ಪುನೀರೇ ಹಾಕ್ತಿದ್ದೆ. ಎಂತಕ್ಕೆ ಹೀಂಗಾಯ್ತು?”

“ಅಳಿವೆಯಲ್ಲಿ ಉಬ್ಬರದ ನೀರು ಬಂದು ಇಳಿದು ಹೋಗ್ತದೆ ಚಿಕ್ಕಮ್ಮ. ಮಳೆಗಾಲದಲ್ಲಿ ಹೊಳೆ ತೊಳೀತದೆ. ಕುಂಡದಲ್ಲಿ ನೀರು ಆರ್ತದೆ, ಉಪ್ಪು ಅಲ್ಲೇ ಕೂರ್ತದೆ.”

ಈ ಗಿಡ ಉಪ್ಪನ್ನು ತಾಳಿಕೊಳ್ಳುತ್ತದೆ, ಉಪ್ಪೇ ಬೇಕೆಂದು ಹಟವಿಲ್ಲ. ಬರೀ ಬಾವಿನೀರಿಗೂ ಬೆಳೆಯುತ್ತದೆ, ಎಲೆ ಸಪ್ಪೆ ಅಷ್ಟೇ. ರುಚಿ ಬೇಕಿದ್ದರೆ ವಾರಕ್ಕೊಮ್ಮೆ ಲೀಟರಿಗೆ 10 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದರೆ ಧಾರಾಳವಾಯಿತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇರುತ್ತದೆ. ಈಗಿನ ಕುಂಡವನ್ನು ಇಟ್ಟಿಗೆ ಮೇಲಿಟ್ಟು, ಕುಂಡ ಹಿಡಿಸುವುದರ ಮೂರು ಪಟ್ಟು ಸಿಹಿನೀರು ನಿಧಾನ ಸುರಿದು ತೊಳೆಯಬೇಕು. ಇಳಿದ ನೀರು ಮಲ್ಲಿಗೆ ಬುಡಕ್ಕೆ ಮಾತ್ರ ಹೋಗಬಾರದು!

ಬದುಕದಿದ್ದರೆ ಹೊಸ ತುಂಡು. ಅರ್ಧ ಗೇಣು ಉದ್ದ, ನಾಲ್ಕೈದು ಗಿಣ್ಣು. ಕೆಳಗಿನ ಎರಡು ಗಿಣ್ಣಿನ ಎಲೆ ಕಿತ್ತು ಅಷ್ಟನ್ನೇ ಹೂಳುವುದು. ಎಲೆ ಸಮೇತ ಹೂತರೆ ಅದು ಕೊಳೆತು ಕಾಂಡವನ್ನೂ ಕೊಳೆಸುತ್ತದೆ. ಎರಡು ಪಾಲು ಮರಳು, ಒಂದು ಪಾಲು ಹಟ್ಟಿಗೊಬ್ಬರ, ಪೂರ್ತಿ ಬಿಸಿಲು. ಹತ್ತು ದಿನದ ಆಚೀಚೆ ಗಿಣ್ಣಲ್ಲಿ ಬೇರು.

ತುಂಡು ತರುವಾಗ ಎಲೆ ನೋಡಿ. ಇದಕ್ಕೆ ಎದುರುಬದುರು ಜೋಡಿ ಎಲೆ, ಗುಲಾಬಿ ನಕ್ಷತ್ರದ ಹೂ. ನೋಡಲು ಹೀಗೇ ಇರುವ ಗೋಣಿಸೊಪ್ಪಿಗೆ ಹಳದಿ ಹೂ. ಚರಂಡಿ ಸೇರುವ, ದೋಣಿಗೆ ಬಣ್ಣ ಬಳಿಯುವ ದಂಡೆಯಿಂದ ಅಡುಗೆಗೆ ಕೊಯ್ಯುವುದು ಬೇಡವೇ ಬೇಡ. ಉಪ್ಪಿನ ಜೊತೆ ಸೀಸ, ಕ್ಯಾಡ್ಮಿಯಮ್ಮನ್ನೂ ಹೀರಿಟ್ಟುಕೊಳ್ಳುವ ಗಿಡ ಇದು. ತೊಳೆದರೆ ಹೋಗುವಂಥದ್ದಲ್ಲ.

ಅಡುಗೆಯಲ್ಲಿ ಎಡವುವುದೂ ಉಪ್ಪಿನಲ್ಲೇ. ಎಳೆ ಕುಡಿ ಮಾತ್ರ ಚಿವುಟಿ, ಗಿಣ್ಣಿನ ಸಂದಿಯ ಮರಳು ಬಿಡುವಂತೆ ಮೂರು ಸಲ ತೊಳೆದು, ಕುದಿಯುವ ನೀರಲ್ಲಿ ಎರಡು ನಿಮಿಷ ಬೇಯಿಸಿ ಬಸಿಯುವುದು. ನೀರು ಬದಲಿಸಿ ಇನ್ನೊಮ್ಮೆ. ಉಪ್ಪೂ ಇಳಿಯುತ್ತದೆ, ಕಲ್ಲು ಕಟ್ಟಿಸುವ ಆಕ್ಸಲೇಟೂ ಒಂದಷ್ಟು ಇಳಿಯುತ್ತದೆ. ಆದರೂ ಮೂತ್ರಪಿಂಡದಲ್ಲಿ ಕಲ್ಲಿದ್ದವರು ಬಿಡುವುದೇ ಒಳ್ಳೆಯದು. ಎರಡು ಹಿಡಿ ಸೊಪ್ಪಿಗೆ ಅರ್ಧ ಕಪ್ ಹೆಸರುಬೇಳೆ, ಕಾಯಿತುರಿ, ಒಣಮೆಣಸಿನ ಒಗ್ಗರಣೆ. ಕೈ ಉಪ್ಪಿನ ಭರಣಿಗೆ ಹೋಗಬಾರದು, ಇಳಿಸಿ ರುಚಿ ನೋಡಿದ ಮೇಲೆ ಬೇಕಿದ್ದರೆ. ತಂಬುಳಿಗೂ ಆಗುತ್ತದೆ, ಮಜ್ಜಿಗೆ ಹುಳಿಯಿದ್ದರೆ ಇನ್ನೂ ಚೆಂದ.

ಫಿಲಿಪ್ಪೀನ್ಸ್‌ನವರು ಇದನ್ನು ದಂಪಲಿತ್ ಅನ್ನುತ್ತಾರೆ. ವಿನೆಗರ್, ಸಕ್ಕರೆ, ಶುಂಠಿ ಹಾಕಿ ಇಟ್ಟದ್ದು ಅವರ ‘ಅಚಾರ’. ಹೆಸರೂ ನಮ್ಮ ದೇಶದ ಅಚಾರ್‌ನಿಂದ ಹೋದದ್ದೇ. ನಮ್ಮಲ್ಲಿ ವಿನೆಗರ್ ಬದಲು ಬಿಂಬುಳಿ ಕಾಯಿಯ ರಸ ಹಿಂಡಿದರೆ? ಹುಳಿ ಸಾಕಾಗಬಹುದು, ಆದರೆ ನೀರಿನಂಶ ಜಾಸ್ತಿ, ಕುದಿಸಿ ಅರ್ಧಕ್ಕಿಳಿಸಿ…