ಯುದ್ಧದ ಸದ್ದಿಲ್ಲದ ಯುದ್ಧಕಾಲದ ನಾಟಕ

ಚೀನಾದ ನಾಟಕಕಾರ, ಚಿತ್ರ ನಿರ್ದೇಶಕ ವು ಜುಗ್ವಾಂಗ್ ಅವರ ಮಾತು ತೆಗೆದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ದೇಶದ ಮೇಲೆ ಬಾಂಬು ಬೀಳುತ್ತಿದ್ದಾಗ ನಟನೊಬ್ಬನ ಪ್ರೇಮಕಥೆ ಬರೆದವರು ಯುದ್ಧಕಾಲದ ದೊಡ್ಡ ನಾಟಕಕಾರ ಹೇಗಾಗುತ್ತಾರೆ?

ಯುದ್ಧದ ನಾಟಕಗಳನ್ನೂ ಅವರು ಬರೆದಿದ್ದಾರೆ. 1937ರಲ್ಲಿ ಜಪಾನ್ ದಂಡೆತ್ತಿ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಮೊದಲ ನಾಟಕ ‘ಫೀನಿಕ್ಸ್ ನಗರ’ದ ನಾಯಕ, ಈಶಾನ್ಯ ಚೀನಾದಲ್ಲಿ ಜಪಾನೀಯರೊಡನೆ ಹೋರಾಡಿ ಮಡಿದ ಮಿಯಾವ್ ಕೆಶಿಯು. ಮುಂದೆ, ಹದಿಮೂರನೇ ಶತಮಾನದಲ್ಲಿ ಮಂಗೋಲರಿಗೆ ಮಣಿಯದೆ ಪ್ರಾಣ ಕೊಟ್ಟ ಮಂತ್ರಿ ವೆನ್ ತಿಯಾನ್‌ಶಿಯಾಂಗ್‌ನ ಕಥೆಯನ್ನೂ ರಂಗಕ್ಕೆ ತಂದರು.

ಆದರೂ ನನ್ನ ಉತ್ತರ ಇರುವುದು ಆ ಪ್ರೇಮಕಥೆಯಲ್ಲೇ. 1942ರಲ್ಲಿ ಬರೆದ ‘ಹಿಮಗಾಳಿಯ ರಾತ್ರಿ ಮರಳಿದವನು’ ಮರುವರ್ಷ ಚೊಂಗ್‌ಚಿಂಗ್‌ನಲ್ಲಿ ರಂಗವೇರಿತು. ಆಗಿನ ಯುದ್ಧಕಾಲದ ರಾಜಧಾನಿ ಅದು. ಚಳಿಗಾಲದ ದಟ್ಟ ಮಂಜಿನಲ್ಲಿ ಜಪಾನಿನ ವಿಮಾನಗಳು ಬರಲಾರವು; ಹಾಗಾಗಿ ಮಂಜಿನ ತಿಂಗಳುಗಳೇ ಅಲ್ಲಿ ನಾಟಕದ ಸುಗ್ಗಿ. ನಾಯಕ ವೇ ಲಿಯೆನ್‌ಶೆಂಗ್ ಹೆಸರಾಂತ ಸ್ತ್ರೀವೇಷಧಾರಿ. ದೊಡ್ಡವರ ಒಡನಾಟವಿದೆ, ಆ ಬಲದಿಂದ ಬಡವರಿಗೆ ನೆರವಾಗುತ್ತಾನೆ, ಅದರ ಹೆಮ್ಮೆಯೂ ಇದೆ. ಅಫೀಮು ವ್ಯಾಪಾರದಲ್ಲಿ ಕೈಯಾಡಿಸುವ ನ್ಯಾಯಾಧೀಶನ ಉಪಪತ್ನಿ ಯುಚುನ್ ಅವನಿಗೆ ತೋರಿಸಿಕೊಡುವ ಸತ್ಯ ಕಠೋರವಾದದ್ದು: ನೀನೂ ನನ್ನಂತೆ ಉಳ್ಳವರ ಆಟದ ವಸ್ತು, ಅದು ನಿನಗೆ ತಿಳಿದಿಲ್ಲ ಎಂಬುದೇ ಹೆಚ್ಚು ಮರುಕದ ಸಂಗತಿ. ಸ್ವಾತಂತ್ರ್ಯಕ್ಕಾಗಿ ಜೀವ ಕೊಡಿ ಎಂದು ಜನರನ್ನು ಕರೆಯುತ್ತಿದ್ದ ಕಾಲದಲ್ಲಿ, ನಿಮಗೆ ನೀವೇ ಒಡೆಯರೇ ಎಂದು ಕೇಳಿದ ನಾಟಕ ಅದು. ಅಧಿಕಾರಸ್ಥರು ಅದನ್ನು ನಿಷೇಧಿಸಿದರು. ಬರಿಯ ಪ್ರೇಮಕಥೆಗೆ ಯಾರೂ ಹಾಗೆ ಹೆದರುವುದಿಲ್ಲ. ಯುದ್ಧ ಮುಗಿದ ಮೇಲೆ ಹಾಂಕಾಂಗ್‌ಗೆ ಹೋದ ವು, ಇದನ್ನು ತಾವೇ ನಿರ್ದೇಶಿಸಿ ಚಲನಚಿತ್ರವಾಗಿಸಿದರು. 1949ರಲ್ಲಿ, ಕಮ್ಯುನಿಸ್ಟರ ಆಳ್ವಿಕೆಯ ಹೊಸ ಚೀನಾಕ್ಕೆ ಮರಳಿದರು.

ಮಾವೋ ಅವರ ‘ಹಿಮ’ ಕವನವನ್ನು 1945ರ ನವೆಂಬರ್‌ನಲ್ಲಿ, ಅದೂ ಚೊಂಗ್‌ಚಿಂಗ್‌ನ ಪತ್ರಿಕೆಯೊಂದರಲ್ಲಿ, ಮೊದಲು ಅಚ್ಚು ಹಾಕಿಸಿದ ಸಂಪಾದಕ ಇವರೇ. ಹನ್ನೆರಡು ವರ್ಷಗಳ ನಂತರ ಮಾವೋ ಆಳ್ವಿಕೆ ಇವರನ್ನು ಬಲಪಂಥೀಯ, ಅಂದರೆ ಪಕ್ಷದ ವಿರೋಧಿ, ಎಂದು ಘೋಷಿಸಿತು. ಕಲಾವಿದರನ್ನು ಪಕ್ಷ ಮುನ್ನಡೆಸಬೇಕೇಕೆ, ಹಿಂದಿನ ಮಹಾಕವಿಗಳಾದ ಲಿ ಬಾಯ್‌ಗೆ, ದು ಫುಗೆ ಯಾವ ಮುಂದಾಳು ಇದ್ದ ಎಂದು ಕೇಳಿದ್ದೇ ತಪ್ಪಾಯಿತು. ನನ್ನ ದೃಷ್ಟಿಯಲ್ಲಿ ಯುಚುನ್ ಎತ್ತಿದ ಪ್ರಶ್ನೆಯನ್ನೇ ಅವರು ಈಗ ತಮ್ಮ ಬಾಯಲ್ಲಿ ಕೇಳಿದ್ದರು.

ಅವರನ್ನು ಉತ್ತರದ ತುದಿಯ ಬೇದಾಹುವಾಂಗ್ ಬಂಜರು ಸೀಮೆಗೆ ದುಡಿಯಲು ಅಟ್ಟಿದರು. ಹೆಂಡತಿ ಶಿನ್ ಫೆಂಗ್‌ಶಿಯಾ ಪಿಂಗ್‌ಜು ಗೀತನಾಟಕದ ಬಹುದೊಡ್ಡ ನಟಿ. ವಿಚ್ಛೇದನ ಕೊಡು ಎಂದು ಮೇಲಿನವರು ಒತ್ತಾಯಿಸಿದಾಗ, ಹಳೆಯ ಕಥೆಯ ವಾಂಗ್ ಬಾವ್‌ಚುವಾನ್ ಗಂಡನಿಗಾಗಿ 18 ವರ್ಷ ಕಾದಳು, ನಾನು 28 ವರ್ಷ ಕಾಯುತ್ತೇನೆ ಎಂದುಬಿಟ್ಟರು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಆಕೆಯ ಆರೋಗ್ಯ ಕುಸಿಯಿತು. 1975ರಲ್ಲಿ ಪಾರ್ಶ್ವವಾಯು ಬಡಿದು ರಂಗವೇ ತಪ್ಪಿಹೋಯಿತು. ದೊಡ್ಡವರಾದ ಮೇಲೆ ಅಕ್ಷರ ಕಲಿತಿದ್ದ ಆಕೆ ಗಂಡನ ಒತ್ತಾಸೆಯಿಂದ ತಮ್ಮ ಬದುಕನ್ನು ಬರೆಯತೊಡಗಿದರು. ಮೊದಲು ಹೇಳಿದ ಆ ಪ್ರಶ್ನೆ ಕೇಳುವವರಿಗೆ ಆ ಬರಹಗಳನ್ನೂ ಓದಲು ಹೇಳುತ್ತೇನೆ. ಹಳೆಯ ನಾಟಕ ಮಂಡಳಿಗಳ ನಟಿಯರನ್ನು ಹಣವಂತರು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬುದನ್ನು ಅನುಭವಿಸಿದವರೇ ಅಲ್ಲಿ ಹೇಳಿದ್ದಾರೆ.