ಕಥೆ ಆಮೇಲೆ, ಮಾತು ಮೊದಲು

9 ನವೆಂಬರ್ 2025, ಭಾನುವಾರ
ವಿಜಯನಗರ, ಬೆಂಗಳೂರು

ಈ ವರ್ಷದ ಮೊದಲ ಅವರೆಕಾಯಿ ಮನೆಗೆ ಬಂದಿದೆ. ಸೊಗಡು ಸಾಲದು, ಇನ್ನಷ್ಟು ಇಬ್ಬನಿ ಬೀಳಬೇಕು ಎಂಬುದು ಚಿಕ್ಕಮ್ಮನ ತೀರ್ಪು. ತಿಪಟೂರಿನಿಂದ ಶುಕ್ರವಾರ ಬಂದ ಅವರು ಬುಧವಾರದವರೆಗೆ ಇರುತ್ತಾರೆ. ಅಲ್ಲಿಯವರೆಗೆ ರಿಮೋಟ್ ಅವರದು, ಆಯ್ಕೆ ನನ್ನದು ಎಂದು ಒಪ್ಪಂದವಾಗಿದೆ.

ನಿನ್ನೆ ರಾತ್ರಿ ‘ಸು ಫ್ರಮ್ ಸೋ’ ಹಾಕಿದೆ. ನನಗೆ ಇದು ಮೂರನೆಯ ಸಲ. ಜುಲೈ ಕೊನೆಯಲ್ಲಿ ಬಿಡುಗಡೆಯಾದಾಗ ಚಿತ್ರಮಂದಿರದಲ್ಲಿಯೇ ಎರಡು ಸಲ ನೋಡಿದ್ದೆ. ಮೊದಲ ಸಲ ಜನರ ನಗುವಿನಲ್ಲಿ ಅರ್ಧ ಸಂಭಾಷಣೆ ಮುಳುಗಿಹೋಗಿತ್ತು, ಹಾಗೆ ತಪ್ಪಿದ ಮಾತುಗಳಿಗಾಗಿಯೇ ಎರಡನೆಯ ಸಲ ಹೋಗಿದ್ದು. ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರಿಗೆ ಊರೇ ನಂಬುತ್ತದೆ, ಕಥೆ ಅಷ್ಟೇ. ಗಂಭೀರವಾಗಲು ಹೊರಟಾಗ ಚಿತ್ರ ಸ್ವಲ್ಪ ಮುಗ್ಗರಿಸುತ್ತದೆ ಎಂದು ನನಗೆ ಮೂರೂ ಸಲ ಅನ್ನಿಸಿದೆ. ಆದರೆ ರವಿಯಣ್ಣ ಬಾಯಿ ತೆರೆದರೆ ನಾನು ಎಲ್ಲವನ್ನೂ ಮನ್ನಿಸುತ್ತೇನೆ. ಬರೆದು, ನಿರ್ದೇಶಿಸಿ, ತಾವೇ ಅಶೋಕನಾಗಿರುವ ಜೆ.ಪಿ. ತೂಮಿನಾಡು ತುಳು ರಂಗಭೂಮಿಯಿಂದ ಬಂದವರು. ಯಾವ ಪದದ ನಂತರ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಲೆಕ್ಕ ಅವರಿಗೆ ಗೊತ್ತು.

ಇಪ್ಪತ್ತು ನಿಮಿಷ ನೋಡಿದ ಚಿಕ್ಕಮ್ಮ ಕೇಳಿದರು: “ಇವರೇಕೆ ಪುಸ್ತಕ ಓದಿದ ಹಾಗೆ ಮಾತನಾಡುತ್ತಾರೆ?”

ಒಳ್ಳೆಯ ಪ್ರಶ್ನೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರಿಗೆ ಕನ್ನಡ ಸಿಗುವುದು ಹೆಚ್ಚಾಗಿ ಶಾಲೆಯಲ್ಲಿ. ಆದ್ದರಿಂದಲೇ ನಾವು ನುಂಗಿಹಾಕುವ ಕ್ರಿಯಾಪದದ ಬಾಲ ಅಲ್ಲಿ ನೆಟ್ಟಗೆ ಉಳಿದಿರುತ್ತದೆ. ಅದಕ್ಕೆ ‘ಎಂತ’, ‘ಉಂಟು’, ‘ಮಾರಾಯ’ ಸೇರಿದರೆ ಮಂಗಳೂರು ಕನ್ನಡ. ನಾನು ಚಿಕ್ಕವನಿದ್ದಾಗ ಚಲನಚಿತ್ರಗಳಲ್ಲಿ ಈ ಮಾತು ಹೋಟೆಲಿನ ಭಟ್ಟರಿಗೆ ಮೀಸಲು. ಅವರು ದೋಸೆ ತಂದಿಟ್ಟು ಎರಡು ಸಾಲು ಹೇಳಿದರೆ ಜನ ನಗುತ್ತಿದ್ದರು, ಹಾಸ್ಯ ಸಾಲಿನಲ್ಲಿ ಇಲ್ಲದಿದ್ದರೂ. ನಾಯಕ ಯಾವ ಊರಿನವನಾದರೂ ಮೈಸೂರು-ಬೆಂಗಳೂರಿನ ಕನ್ನಡದಲ್ಲಿಯೇ ಪ್ರೇಮ ನಿವೇದಿಸುತ್ತಿದ್ದ. 2014ರಲ್ಲಿ ‘ಉಳಿದವರು ಕಂಡಂತೆ’ ಬಂದು ಮಲ್ಪೆಯ ಮಾತನ್ನು ಮಲ್ಪೆಯವರ ಬಾಯಿಗೇ ಕೊಟ್ಟಿತು. ನಾನು ನೋಡಿದ ಆಟದಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರು ಮಧ್ಯಂತರದಲ್ಲಿ ಕಾಫಿಗೆ ಎದ್ದುಹೋದವರು ಮರಳಿ ಬರಲಿಲ್ಲ. ಈ ವರ್ಷ ಅದೇ ಕರಾವಳಿಯ ಮಾತಿಗೆ ಟಿಕೆಟ್ ಸಿಗದೆ ಒಂದು ವಾರ ಕಾದೆ.

‘ತಿಥಿ’ಯ ಬಗ್ಗೆ ಚಿಕ್ಕಮ್ಮನಿಗೆ ಇಂಥ ತಕರಾರೇನೂ ಇರಲಿಲ್ಲ. ಮಂಡ್ಯ ಸೀಮೆಯ ಹಳ್ಳಿಯವರನ್ನೇ, ನಟರಲ್ಲದವರನ್ನೇ ನಿಲ್ಲಿಸಿ ಮಾಡಿದ ಆ ಚಿತ್ರ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು ಎಂದರೆ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. “ಆ ಗಡ್ಡಪ್ಪ ನಮ್ಮ ಸೋದರಮಾವನ ಹಾಗೆಯೇ ನಡೆಯುತ್ತಾನೆ” ಎಂದಷ್ಟೇ ಹೇಳಿದರು. ಧಾರವಾಡ, ಕಲಬುರಗಿಯ ಕನ್ನಡಕ್ಕೆ ಮಾತ್ರ ಇನ್ನೂ ಈ ಯೋಗ ಪೂರ್ತಿಯಾಗಿ ಬಂದಿಲ್ಲ. ಆ ಮಾತು ತೆರೆಯ ಮೇಲೆ ಕೇಳಿಸಿದರೆ ಬೆಂಗಳೂರಿನ ಪ್ರೇಕ್ಷಕರು ಈಗಲೂ ನಗಲು ಸಿದ್ಧರಾಗಿ ಕೂರುತ್ತಾರೆ. ನನಗೆ ಇದು ಸಿಟ್ಟಿನ ವಿಷಯ.

‘ಏಕಂ’ ಸರಣಿಯನ್ನು ಮುಂದಿನ ಸಲ ತೋರಿಸಬೇಕು. ಕರಾವಳಿಯ ಏಳು ಕಥೆಗಳು. ಯಾವ ಒಟಿಟಿಯೂ ಕೊಳ್ಳದೆ, ರಕ್ಷಿತ್ ಶೆಟ್ಟಿಯವರ ತಂಡ 2024ರ ಜುಲೈಯಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿತು. ನನ್ನ ಬಳಗದಲ್ಲಿ ನೋಡಿದವರು ಮೂವರು, ಅದರಲ್ಲಿ ಇಬ್ಬರಿಗೆ ಲಾಗಿನ್ ನನ್ನದೇ.

ಇನ್ನು ಡಬ್ಬಿಂಗ್. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಕನ್ನಡಕ್ಕೆ ಡಬ್ ಆದ ಚಿತ್ರಗಳೇ ಇಲ್ಲವಾದವು. 2015ರಲ್ಲಿ, ಡಬ್ಬಿಂಗ್ ತಡೆಯುವುದು ತಪ್ಪು ಎಂದು ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು. ನಾನು ಡಬ್ಬಿಂಗ್ ಪರ. ಇಂಗ್ಲಿಷ್ ಬಾರದ ಚಿಕ್ಕಮ್ಮನಿಗೂ ಡೈನೋಸಾರ್ ನೋಡುವ ಹಕ್ಕು ಇದೆ ಎಂದು ಸ್ನೇಹಿತರ ಜೊತೆ ಜಗಳವಾಡಿದ್ದೇನೆ. ಆದರೆ ಶುಕ್ರವಾರ ರಾತ್ರಿ ನೋಡಿದ ವಿದೇಶಿ ಸರಣಿಯೊಂದು ನನ್ನ ವಾದಕ್ಕೇ ಕಲ್ಲು ಹಾಕಿತು. ಗಂಡ ಸತ್ತಿದ್ದಾನೆ, ಹೆಂಡತಿ ಕಪ್ಪು ಬಟ್ಟೆ ಹಾಕಿಕೊಂಡು ಕುಳಿತಿದ್ದಾಳೆ, ನೆರೆಮನೆಯವನು ಬಂದು ಕೈಹಿಡಿದು ಹೇಳುತ್ತಾನೆ: “ನಿಮ್ಮ ನಷ್ಟಕ್ಕಾಗಿ ನಾನು ವಿಷಾದಿಸುತ್ತೇನೆ.”

“ಅಂಗಡಿ ಇಟ್ಟಿದ್ದರಾ?” ಎಂದರು ಚಿಕ್ಕಮ್ಮ.

ಸಾವಿನ ಮನೆಯಲ್ಲಿ ನಾವು ಏನು ಹೇಳುತ್ತೇವೆ? ಬಹುತೇಕ ಏನೂ ಇಲ್ಲ. ಒಂದು ಮೂಲೆಯಲ್ಲಿ ಕೂರುತ್ತೇವೆ, ಬಹಳವಾದರೆ “ಹೀಗಾಗಬಾರದಿತ್ತು” ಎನ್ನುತ್ತೇವೆ. ತುಟಿ ಅಲ್ಲಾಡುವಷ್ಟು ಹೊತ್ತು ಪದ ತುಂಬಬೇಕಲ್ಲ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. “ಹೀಗಾಗಬಾರದಿತ್ತು, ತಾಯಿ” ಎಂದರೂ ತುಟಿಗೆ ಹೆಚ್ಚುಕಡಿಮೆ ಹೊಂದುತ್ತಿತ್ತು. ಸೋಫಾದಲ್ಲಿ ಕುಳಿತು ಮೂರು ಸಲ ಬಾಯಿ ಆಡಿಸಿ ನೋಡಿದೆ, ಹೊಂದುತ್ತದೆ.

ಧಾರಾವಾಹಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಬ್ಬರು ಒಂದು ಮಾತು ಹೇಳಿದರೆ ಉಳಿದ ಐವರ ಮುಖಕ್ಕೆ ಒಂದೊಂದು ಸಿಡಿಲು. ಚಿಕ್ಕಮ್ಮನೂ ಈಗ ಅವನ್ನು ನೋಡುವುದು ಸೀರೆಗಳಿಗಾಗಿ. ಅವರು ಮನಸ್ಸಿಟ್ಟು ನೋಡುತ್ತಿದ್ದುದು ‘ಮಾಯಾಮೃಗ’ ಮತ್ತು ‘ಮುಕ್ತ’. ಟಿ.ಎನ್. ಸೀತಾರಾಮ್ ಅವರ ವಕೀಲ ಸಿಎಸ್‌ಪಿ ಪಾತ್ರ ನ್ಯಾಯಾಲಯದಲ್ಲಿ ಕನ್ನಡಕ ಸರಿಮಾಡಿಕೊಂಡರೆ ಸಾಕು, ನಮ್ಮ ಮನೆಯಲ್ಲಿ ಒಗ್ಗರಣೆ ನಿಲ್ಲುತ್ತಿತ್ತು. ಸಿ. ಅಶ್ವತ್ಥ್ ಸಂಗೀತದ ‘ಮಾಯಾಮೃಗ’ದ ಶೀರ್ಷಿಕೆ ಗೀತೆಯನ್ನು ಯೂಟ್ಯೂಬಿನಲ್ಲಿ ಹಾಕಿದಾಗ ನಾನು ಅಭ್ಯಾಸಬಲದಿಂದ ಮುಂದಕ್ಕೆ ಓಡಿಸಹೊರಟೆ. ಕೈಮೇಲೆ ಏಟು ಬಿತ್ತು.

ಇವತ್ತು ಬೆಳಗ್ಗೆ ಪಾಡ್‌ಕಾಸ್ಟ್ ಸರದಿ. ನನಗೆ ಇಷ್ಟವಾದದ್ದು ‘ತಲೆ-ಹರಟೆ’. ವಿಷಯ ತಿಳಿದವರನ್ನು ಕರೆದು, ಅವರು ಕನ್ನಡದಲ್ಲಿ ಪದ ಹುಡುಕುತ್ತಾ ತಡವರಿಸಿದರೂ ಕಾಯುತ್ತಾರೆ. ಆ ತಡವರಿಕೆಯೇ ನನಗೆ ಸ್ವಾರಸ್ಯ. ಆದರೆ ಚಿಕ್ಕಮ್ಮ ಅವರ ಮೊಬೈಲಿಗೆ ಯಾರೋ ಕಳಿಸಿದ್ದ ಬೇರೊಂದು ಸಂದರ್ಶನವನ್ನೇ ಹಾಕಬೇಕೆಂದರು. ಎರಡು ಗಂಟೆ, ಎರಡು ಸೋಫಾ, ಮುಖದಷ್ಟೇ ದೊಡ್ಡ ಎರಡು ಮೈಕು. ನೆಲದ ಮೇಲೆ ಪತ್ರಿಕೆ ಹಾಸಿಕೊಂಡು, ಅವರೆಕಾಯಿ ಸುಲಿಯುತ್ತಾ ಕೇಳತೊಡಗಿದೆವು. ನಿರೂಪಕ ‘ಬೇಸಿಕಲಿ’ ಅಥವಾ ‘ಆ್ಯಕ್ಚುಯಲಿ’ ಎಂದಾಗಲೆಲ್ಲ ಒಂದು ಸಿಪ್ಪೆಯನ್ನು ಬೇರೆ ಇಡುವುದು ಎಂದು ಆಟ ಕಟ್ಟಿದೆ. ಅರ್ಧ ಗಂಟೆಯಲ್ಲಿ ನಲವತ್ತೊಂದು ಸಿಪ್ಪೆ. ಅತಿಥಿ ರಂಗಭೂಮಿಯವರು, ಪಾಪ, ಒಂದು ಸಲವೂ ಹೇಳಲಿಲ್ಲ. ಅವರು ಒಳ್ಳೆಯ ಮಾತಿನ ಲಯ ಹಿಡಿಯುವ ಹೊತ್ತಿಗೆ ಸರಿಯಾಗಿ ನಿರೂಪಕ “ಸೂಪರ್ ಸರ್” ಎಂದು ನಡುವೆ ಬರುತ್ತಿದ್ದ. ಅದಕ್ಕೆ ಬೇರೆ ರಾಶಿ ಮಾಡಬೇಕಿತ್ತು.

ಕೊನೆಗೆ ನಾನೇ ನಿಲ್ಲಿಸಿದೆ. “ಆ್ಯಕ್ಚುಯಲಿ, ಇವನ ಬದಲು ‘ಮುಕ್ತ’ದ ಒಂದು ಕಂತು ನೋಡೋಣವೇ?” ಎಂದೆ.

ಚಿಕ್ಕಮ್ಮ ತಲೆ ಎತ್ತದೆಯೇ ಒಂದು ಸಿಪ್ಪೆಯನ್ನು ನನ್ನ ಮುಂದಕ್ಕೆ ತಳ್ಳಿದರು.