ಆ ಕಚ್ಚೋ ಕುದುರೆಯನ್ನೇ ಯಾಕೆ ಲೀಸಿಗೆ ತಗೊಂಡೆ?

"ಲಾಯದಲ್ಲಿ ಅಷ್ಟೊಂದು ಸಾಧು ಕುದುರೆ ಇರುವಾಗ ಆ ಕಚ್ಚೋದಕ್ಕೇ ಯಾಕೆ ತಿಂಗಳು ತಿಂಗಳು ದುಡ್ಡು ಸುರೀತೀಯ?" ಪ್ರಶ್ನೆ ಅಲ್ಲಿಗೇ ನಿಂತರೆ ಉತ್ತರ ಸುಲಭ. ಗೌರಿ ನನಗಿಷ್ಟ, ಅದಕ್ಕೆ. ಆದರೆ ಪ್ರಶ್ನೆಯ ಹಿಂದೆ ಯಾವಾಗಲೂ ಒಂದು ಬಾಲ ಇರುತ್ತದೆ: "ಸೊಕ್ಕು ಅಷ್ಟೆ, ಎರಡು ಬಾರಿಸಿದರೆ ಸರಿಹೋಗುತ್ತೆ." ಸರಿಹೋಗುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ, ಇನ್ನು ಇದನ್ನು ಓದಿಕೊಳ್ಳಿ.

ಗೌರಿ ಥರೋಬ್ರೆಡ್, ಅಂದರೆ ರೇಸಿಗೆಂದೇ ಬೆಳೆಸಿದ ತಳಿ. ಬೆಂಗಳೂರಿನ ಸುತ್ತಮುತ್ತಲ ರೈಡಿಂಗ್ ಶಾಲೆಗಳ ಎಷ್ಟೋ ಕುದುರೆಗಳ ಹಾಗೆ ರೇಸ್ ಬಿಟ್ಟು ಬಂದವಳು. ನೀವು ಕೆಟ್ಟ ಬುದ್ಧಿ ಅನ್ನುವುದರಲ್ಲಿ ಅರ್ಧ ಅಲ್ಲಿ ಚೆನ್ನಾಗಿ ಕಲಿತ ಪಾಠ. ರೇಸಿನಲ್ಲಿ ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುವುದು ರೂಢಿ. ಹತ್ತುವಾಗ ಅಲುಗಾಡದೆ ನಿಲ್ಲಬೇಕು ಅಂತ ಅವಳಿಗೆ ಯಾರು ಹೇಳಿಕೊಟ್ಟರು? ಲಗಾಮು ಬಿಗಿಯಾದರೆ ಬಾಯಿಯನ್ನು ಅದಕ್ಕೆ ಒತ್ತಿ ಓಡಬೇಕು ಅಂತಲೂ ಅಲ್ಲೇ ಕಲಿತಿದ್ದಾಳೆ. ಹಾಗಾಗಿ ಹೆದರಿದ ಸವಾರ ಜಗ್ಗಿದಷ್ಟೂ ವೇಗ ಏರುತ್ತದೆ. ನಿಲ್ಲಿಸಬೇಕೆಂದರೆ ಬೆನ್ನು ನೆಟ್ಟಗಿಟ್ಟು ಜೀನಿನಲ್ಲಿ ಆಳವಾಗಿ ಕೂತು ಉಸಿರು ಬಿಡಬೇಕು. ಲಗಾಮನ್ನು ಹಿಡಿದು ಸಡಿಲಿಸಿ, ಮತ್ತೆ ಹಿಡಿದು ಸಡಿಲಿಸುತ್ತ 20 ಮೀಟರ್ ಅಗಲದ ಸುತ್ತಿಗೆ ನಿಧಾನಕ್ಕೆ ತರಬೇಕು. ದೌಡಿನಲ್ಲಿ ಥಟ್ಟನೆ ತಿರುಗಿಸಿದರೆ ಅವಳ ಕಾಲು ಜಾರುತ್ತದೆ, ಇಬ್ಬರೂ ಬೀಳುತ್ತೀರಿ.

ಇಷ್ಟೆಲ್ಲ ಕೇಳುವವರು "ಅವಳು ಯಾಕೆ ಕಚ್ತಾಳೆ?" ಅಂತ ಒಂದು ಸಲ ಕೇಳಬಾರದೇ? ಅದಕ್ಕಾದರೆ ಗಂಟೆಗಟ್ಟಲೆ ಕೂತು ಹೇಳಬಲ್ಲೆ. ಹೊಟ್ಟೆಯಡಿ ಸುತ್ತಿ ಜೀನನ್ನು ಹಿಡಿದಿಡುವ ಗರ್ತ್ ಪಟ್ಟಿ ಬಿಗಿಯುವ ಹೊತ್ತಿಗಷ್ಟೇ ಅವಳು ಹಲ್ಲು ತೋರಿಸುವುದು. ಅಂಥ ಕುದುರೆಯಲ್ಲಿ ಮೊದಲು ಅನುಮಾನಪಡಬೇಕಾದ್ದು ಹೊಟ್ಟೆ ಹುಣ್ಣನ್ನು. ಮೇವು ಇರಲಿ ಬಿಡಲಿ, ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಮ್ಲ ಸುರಿಯುತ್ತಲೇ ಇರುತ್ತದೆ. ಅದನ್ನು ತಣಿಸುವ ಜೊಲ್ಲು ಬರುವುದು ಜಗಿಯುವಾಗ ಮಾತ್ರ. ಕಾಳು ಹೆಚ್ಚು, ಹುಲ್ಲು ಕಡಿಮೆ, ಮೇಲೆ ಕಠಿಣ ಓಟ ಇರುವುದರಿಂದ ತರಬೇತಿಯಲ್ಲಿರುವ ರೇಸ್ ಕುದುರೆಗಳಲ್ಲಿ ಬಹುಪಾಲಿಗೆ ಹುಣ್ಣಾಗುತ್ತದೆ. ಇದೆಯೋ ಇಲ್ಲವೋ ಎಂದು ಖಚಿತವಾಗುವುದು ವೈದ್ಯರು ಎಂಡೋಸ್ಕೋಪಿ ಮಾಡಿದಾಗಲೇ. ಔಷಧವನ್ನು ಅವರೇ ಬರೆಯಬೇಕು. ನಮ್ಮ ಕೈಯಲ್ಲಿರುವುದು ಮೇವು. 500 ಕೆ.ಜಿ. ಕುದುರೆಗೆ ದಿನಕ್ಕೆ 8ರಿಂದ 10 ಕೆ.ಜಿ. ಒಣಹುಲ್ಲು ಬೇಕು, ಅದನ್ನು ನಾಲ್ಕೈದು ಸಲ ಹಂಚಿ ಕೊಡಬೇಕು. ಸವಾರಿಗೆ ಅರ್ಧ ಗಂಟೆ ಮುಂಚೆ ಒಂದಷ್ಟು ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಹಾಕಿದರೆ ಅದರ ಸುಣ್ಣದಂಶ ಆಮ್ಲವನ್ನು ತಗ್ಗಿಸುತ್ತದೆ. ಹುರುಳಿ ಎಷ್ಟೇ ಚೆನ್ನಾಗಿ ನೆನೆಸಿ ಬೇಯಿಸಿದರೂ ಹುಲ್ಲಿನ ಜಾಗ ತುಂಬುವುದಿಲ್ಲ.

ಗರ್ತನ್ನು ಒಂದೇ ಏಟಿಗೆ ಬಿಗಿಯಬೇಡಿ. ಜೀನು ಜಾರದಷ್ಟು ಹಾಕಿ, ಹತ್ತು ಹೆಜ್ಜೆ ನಡೆಸಿ, ಒಂದು ತೂತು ಏರಿಸಿ. ಹತ್ತುವ ಮುಂಚೆ ಇನ್ನೊಂದು, ಹತ್ತಿ ಐದು ನಿಮಿಷ ನಡೆಸಿದ ಮೇಲೆ ಮತ್ತೊಮ್ಮೆ ನೋಡಿ. ಸವಾರಿ ಮುಗಿದು ಜೀನು ಇಳಿಸಿದಾಗ ಬೆವರಿನ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಜೀನು ಅಲ್ಲಿ ಒತ್ತುತ್ತಿರಬಹುದು. ರೇಸ್ ಬಿಟ್ಟ ಕುದುರೆಯ ಬೆನ್ನಿನ ಸ್ನಾಯು ತಿಂಗಳುಗಳಲ್ಲೇ ಬದಲಾಗುತ್ತದೆ, ಹೋದ ವರ್ಷ ಕೂತ ಜೀನು ಈ ವರ್ಷ ಕೂರದೇ ಇರಬಹುದು. ಚೂಪಾದ ಹಲ್ಲಿನ ಅಂಚು ಕೆನ್ನೆ ಕೊರೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಹಲ್ಲಿಗೆ ಅರ ಹಾಕಿಸಿ ಅಂಚು ನುಣುಪು ಮಾಡಿಸಬೇಕು.

ಎಲ್ಲವೂ ನೋವಿನಿಂದಲೇ ಅಂತ ನಾನು ವಾದಿಸುತ್ತಿಲ್ಲ. ಅವಳಿಗೆ ಆತುರ ಆಗುವುದಿಲ್ಲ, ಅಪರಿಚಿತರು ಮುಖ ಮುಟ್ಟುವುದು ಆಗುವುದಿಲ್ಲ. ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬಂದಾಗ ಪಕ್ಕೆಗೆ ಕಾಲು ತಾಗಿದರೂ ಕಿರುಚುತ್ತಾಳೆ. ಅದು ಅವಳ ಸ್ವಭಾವ, ಇರಲಿ. ಕತ್ತು ಬೆನ್ನು ಸೇರುವ ದಿಬ್ಬದ ಹತ್ತಿರ ಬೆರಳಿನಿಂದ ಕೆರೆದು ನೋಡಿ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ. ಗೌರಿ ಮೇಲ್ದುಟಿ ಉದ್ದ ಮಾಡಿ ನಡುಗಿಸುತ್ತಾಳೆ, ಆಮೇಲೆ ನಿಮ್ಮ ಭುಜವನ್ನೂ ಹಲ್ಲಿನಿಂದ ಕೆರೆಯಲು ಬರುತ್ತಾಳೆ. ಕುದುರೆಗಳು ತಮ್ಮ ಗೆಳೆಯರಿಗೆ ಮಾಡುವ ಉಪಚಾರ ಅದು. ಅದನ್ನೂ ಕಚ್ಚಿದ ಲೆಕ್ಕಕ್ಕೆ ಸೇರಿಸುತ್ತೀರಿ, ನನಗೆ ಸಿಟ್ಟು ಬರುವುದು ಅಲ್ಲೇ.

ಇಂಥದೊಂದು ಕುದುರೆ ನಿಮಗೂ ಬೇಕೆನ್ನಿಸಿದರೆ ಅರ್ಧ ಲೀಸಿನಿಂದ ಶುರುಮಾಡಿ: ವಾರಕ್ಕೆ ಮೂರು ದಿನ ನಿಮ್ಮದು, ಉಳಿದದ್ದು ಮಾಲೀಕರದು. ಮೊದಲ ತಿಂಗಳು ಪರೀಕ್ಷೆಗೆ ಇರಲಿ. ಐದಾರು ವಾರಕ್ಕೊಮ್ಮೆ ಲಾಳ ಕಟ್ಟಿಸುವ ಖರ್ಚು ಯಾರದು, ಕುಂಟು ಬಂದ ದಿನಗಳಿಗೆ ದುಡ್ಡು ಕಟ್ಟಬೇಕೇ, ನಡುರಾತ್ರಿ ಹೊಟ್ಟೆನೋವು ಬಂದು ಮಾಲೀಕರು ಸಿಗದಿದ್ದರೆ ವೈದ್ಯರನ್ನು ಕರೆಸುವ ಅಧಿಕಾರ ಯಾರಿಗೆ, ಬೇರೆಯವರು ಹತ್ತಬಹುದೇ, ಎಷ್ಟು ಎತ್ತರ ಹಾರಿಸಬಹುದು, ಎಲ್ಲ ಕಾಗದದಲ್ಲಿ ಬರಲಿ. ಕುದುರೆಯನ್ನು ಮಾರುವುದಾದರೆ ಮೊದಲು ನಿಮ್ಮನ್ನೇ ಕೇಳಬೇಕು ಎಂಬ ಸಾಲನ್ನೂ ಸಹಿಗೆ ಮುಂಚೆ ಬರೆಸಿಕೊಳ್ಳಿ.